ಕಿರುಬೆರಳಿನ ಬುಡದ ಗಂಟು

ಇದನ್ನು ಹೇಳುವುದನ್ನು ನಾನು ಎಂಟು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ಹೆಂಡತಿಯ ಕಾಯಿಲೆ ನೆಪವಾಯಿತು. ಆಮೇಲೆ ಅವಳ ತಿಥಿ, ಮಗಳ ಮನೆಗೆ ಸಾಮಾನು ಸಾಗಿಸುವುದು, ನನ್ನ ಕಣ್ಣಿನ ಪೊರೆ. ನೆಪಗಳು ಮುಗಿದ ಮೇಲೂ ಬರೆಯಲಿಲ್ಲ. ಬರೆಯದೆ ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಒಳಗಿತ್ತು. ಆ ಯೋಚನೆ ನನಗೆ ಹೆದರಿಕೆ ಹುಟ್ಟಿಸಲಿಲ್ಲ, ಸಮಾಧಾನ ಕೊಡುತ್ತಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಹೋದ ತಿಂಗಳು, ಮಳೆ ಹಿಡಿದುಕೊಂಡ ಒಂದು ಭಾನುವಾರ, ಹೈದರಾಬಾದಿನ ನಾಚಾರಂನ ಮನೆಯಲ್ಲಿ ಮಗಳು ಮಹಾದೇವಿ ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅವಳು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಟೀಚರ್. ತಿಕ್ಕುತ್ತಲೇ ಕೇಳಿದಳು.

"ಅಪ್ಪಾ, ಈ ಸಲ ನಮ್ಮ ಸಾಲ್ಯಾಗ ಡಿಬೇಟಿಗೆ ಒಂದು ವಿಚಿತ್ರ ವಿಷಯ ಕೊಟ್ಟಾರ ನೋಡ್ರಿ. ಮೆಕ್ಸಿಕೋ ದೇಶದಾಗ ಹಿಂದಕ ಅಜ್ಟೆಕ್ ಅಂತ ಒಂದು ಜನ ಇದ್ರಂತ. ಅವರ ದೇವರು, ಗರಿ ಕಿರೀಟ, ಕಲ್ಲಿನ ಮುಖವಾಡ ಎಷ್ಟೋ ಈಗ ಪರದೇಶದ ಮ್ಯೂಸಿಯಂನಾಗ ಅವ. ಅವನ್ನ ತಿರುಗಿ ಕೊಡಬೇಕೋ ಬ್ಯಾಡೋ? ನೀವು ಜೀವಮಾನ ಎಲ್ಲಾ ಮ್ಯೂಸಿಯಂನಾಗ ಕಳದವರು. ಹುಡುಗರಿಗೆ ಅರ್ಧ ಪುಟ ಬರ್ಕೊಡ್ರಿ."

"ಬ್ಯಾಡ ಅನ್ನೋರು ಏನಂತಾರ?" ಎಂದೆ.

"ಇದ್ದಲ್ಲೇ ಸುರಕ್ಷಿತ ಇರ್ತಾವ, ಕೊಟ್ರ ಹಾಳಾಗ್ತಾವ ಅಂತಾರ."

ನನಗೆ ನಗು ಬಂತು. ಎಂಥ ನಗು ಅಂದರೆ, ಮಗಳು ದೀಪ ಕೆಳಗಿಟ್ಟು ನನ್ನ ಮುಖ ನೋಡಿದಳು. ಅಡುಗೆಮನೆಯ ತುಂಬ ಹುಣಸೆಹಣ್ಣು, ಹಿತ್ತಾಳೆ, ಒದ್ದೆ ಗೋಡೆಯ ವಾಸನೆ. ಆ ಮೂರೂ ಕೂಡಿದ ವಾಸನೆ ನನಗೆ ಒಂದೇ ಒಂದು ಮಳೆಗಾಲದ್ದು. "ಬರ್ಕೊಡ್ತೀನಿ" ಎಂದು ಹೇಳಿ ಒಳಗೆ ಹೋದೆ. ಆ ಅರ್ಧ ಪುಟ ಇಷ್ಟುದ್ದ ಆಗಿದೆ. ಹುಡುಗರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ.

ನಾನು ಸೇಡಂ ಕಡೆಯ ಹಳ್ಳಿಯವನು, ಓದಿದ್ದು ಎಸ್ಸೆಸ್ಸೆಲ್ಸಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೈದರಾಬಾದಿಗೆ ಬಂದು, ಹಳೇ ಊರಿನ ಕಡೆ, ಮೂಸಿ ಹೊಳೆಯ ಹತ್ತಿರ, ಒಂದು ಟ್ರಸ್ಟಿನವರ ಚಿಕ್ಕ ಮ್ಯೂಸಿಯಂ ಸೇರಿದೆ. ಅದರ ಹೆಸರು ಹೇಳುವುದಿಲ್ಲ. ತಪ್ಪು ನನ್ನದು, ಅವರದಲ್ಲ. ಮೊದಲು ಬಾಗಿಲು ಕಾಯುತ್ತಿದ್ದೆ. ಆಮೇಲೆ ಸ್ಟೋರ್ ಕೀಪರ್ ಆದೆ. ಯಾವ ಸಾಮಾನು ಯಾವ ಕಪಾಟಿನಲ್ಲಿ, ಯಾವುದಕ್ಕೆ ಯಾವ ನಂಬರು, ಎಲ್ಲ ನನ್ನ ಕೈಯಲ್ಲಿ. ನಂಬರನ್ನು ಸಣ್ಣ ರಟ್ಟಿನ ಮೇಲೆ ಬರೆದು ದಾರದಿಂದ ಕಟ್ಟುತ್ತಿದ್ದೆವು. ರಟ್ಟು ಬಿಚ್ಚಿದರೆ ಸಾಮಾನಿಗೆ ಹೆಸರಿಲ್ಲ. ಹಿಂಭಾಗದಲ್ಲಿ ಒಂದು ಕೋಣೆ ಕೊಟ್ಟಿದ್ದರು. ನಾನು, ನನ್ನ ಹೆಂಡತಿ ನಾಗಮ್ಮ ಅಲ್ಲೇ ಇದ್ದೆವು.

ನಮ್ಮ ಗ್ಯಾಲರಿಯಲ್ಲಿ ಒಂದು ಗಾಜಿನ ಕಪಾಟಿನ ತುಂಬ ಪಂಜಾಗಳಿದ್ದವು. ಪಂಜಾ ಅಂದರೆ ಐದು ಬೆರಳು ಬಿಚ್ಚಿದ ಹಿತ್ತಾಳೆಯ ಅಂಗೈ. ಮೊಹರಮಿನಲ್ಲಿ ಕೋಲಿಗೆ ಸಿಕ್ಕಿಸಿ, ಬಟ್ಟೆ ಸುತ್ತಿ ಮೆರೆಸುವುದು. ಹೈದರಾಬಾದಿನಲ್ಲಿ ಅಲಂ ಎನ್ನುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಅದು ಅಲಾಯಿ ದೇವರು. ಪೂಜೆ ಮಾಡುವವರು ಮುಲ್ಲಾ, ಹೊರುವವರು ಬಹಳ ಊರುಗಳಲ್ಲಿ ನಮ್ಮಂಥ ಮನೆಯವರು. ಹಬ್ಬಕ್ಕೆ ಮೊದಲು ದೇವರನ್ನು ಪೆಟ್ಟಿಗೆಯಿಂದ ತೆಗೆದು, ಹುಣಸೆಹಣ್ಣು, ಬೂದಿ ಹಚ್ಚಿ ಮೈ ತೊಳೆದು, ಗಂಧ ಹಚ್ಚಿ, ಬಟ್ಟೆ ಸುತ್ತುತ್ತಾರೆ. ಸುತ್ತಿದ ಮೇಲೆ ಊರಿಗೆ ಕಾಣುವುದು ಬಟ್ಟೆ ಮಾತ್ರ. ಬರಿಮೈ ದೇವರನ್ನು ನೋಡಿದವರು ಊರಿಗೆ ಇಬ್ಬರೋ ಮೂವರೋ.

ಮ್ಯೂಸಿಯಂನಲ್ಲಿ ಎಲ್ಲ ದೇವರೂ ಬರಿಮೈ. ಒಣ ಬ್ರಶ್ಶಿನಿಂದ ಧೂಳು ಹೊಡೆಯಬೇಕು, ನೀರು ತಾಗಿಸಬಾರದು ಅಂತ ಕಟ್ಟುನಿಟ್ಟು. ವರ್ಷ ವರ್ಷಕ್ಕೆ ಅವು ಕಪ್ಪಾಗುತ್ತಿದ್ದವು, ಬೆರಳ ಸಂದಿಯಲ್ಲಿ ಹಸಿರು ಕಿಲುಬು. ಹೊರಗೆ ಹಬ್ಬದ ಹಲಗೆಯ ಬಡಿತ ಕೇಳಿಸುವಾಗ ನಾನು ಆ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಊರೂರಲ್ಲಿ ದೇವರು ಮೈ ತೊಳೆದಿದ್ದಾನೆ, ಇಲ್ಲಿ ಕಿಲುಬು ಹಿಡಿದು ಕೂತಿದ್ದಾನೆ. ಆ ಕಪಾಟಿನಲ್ಲಿ ಒಂದಕ್ಕೆ ಮಾತ್ರ ಊರಿನ ಹೆಸರಿತ್ತು. 'ಬೆಣಚಿಹಾಳದ ಪಂಜಾ, ಭೀಮಾ ತೀರ' ಎಂದು ರಿಜಿಸ್ಟರಿನಲ್ಲಿ ಬರೆದಿತ್ತು. ನನಗೆ ಅದರ ಮೇಲೆ ಮಮತೆ. ಪ್ರತಿ ವರ್ಷ ಮೊಹರಮಿಗೆ ಮೊದಲು ಅದನ್ನು ಚೀಲದಲ್ಲಿಟ್ಟು ನನ್ನ ಕೋಣೆಗೆ ಒಯ್ದು, ನಾಗಮ್ಮ ಕಿವುಚಿಕೊಟ್ಟ ಹುಣಸೆಹುಳಿಯಲ್ಲಿ ತೊಳೆದು, ಒರೆಸಿ, ತಿರುಗಿ ಇಡುತ್ತಿದ್ದೆ. ಭಕ್ತಿ ಎಂದುಕೊಂಡಿದ್ದೆ. ಮ್ಯೂಸಿಯಂನವರಿಗೆ ಅದು ಕಳ್ಳತನವೇ.

ಒಂದು ವರ್ಷ ದೇವರನ್ನು ಹುಣಸೆನೀರಿನ ಬಕೆಟಿನಲ್ಲಿ ನೆನೆಯಿಟ್ಟ ಗಳಿಗೆಗೇ ನಾಗಮ್ಮನಿಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಓಡಿದೆ. ಮೂರು ದಿನ ಅಲ್ಲೇ. ಬಂದು ಬಕೆಟಿಗೆ ಕೈ ಹಾಕಿದರೆ ಕಿರುಬೆರಳು ಕೈಗೆ ಬಂತು. ಆ ಬೆರಳು ಹಿಂದೆ ಯಾವಾಗಲೋ ಮುರಿದು ಬೆಸುಗೆ ಹಾಕಿದ್ದು. ಬುಡದಲ್ಲಿ ಒಂದು ಗಂಟಿತ್ತು. ಹುಳಿ ಆ ಬೆಸುಗೆಯ ಒಳಗನ್ನು ತಿಂದಿತ್ತು, ಗಂಟು ಮಾತ್ರ ಬೆರಳಿಗೆ ಅಂಟಿಕೊಂಡೇ ಇತ್ತು.

ನಾನು ಏನು ಮಾಡಿದೆ ಅಂದರೆ, ನಾಲ್ಕು ಬೆರಳಿನ ದೇವರನ್ನು ಹಳೇ ಪೇಪರಿನಲ್ಲಿ ಸುತ್ತಿ, ಮುರುಕು ಸಾಮಾನಿನ ಟ್ರಂಕಿನ ತಳಕ್ಕೆ ಹಾಕಿದೆ. ರಟ್ಟನ್ನು ಬಿಚ್ಚಿ, ಹೆಸರಿಲ್ಲದ, ಹೆಚ್ಚು ಕಡಿಮೆ ಅದೇ ಅಳತೆಯ ಇನ್ನೊಂದು ಪಂಜಾಕ್ಕೆ ಕಟ್ಟಿದೆ. ಬೆರಳನ್ನು ನನ್ನ ಸುಣ್ಣದ ಡಬ್ಬಿಯಲ್ಲಿಟ್ಟುಕೊಂಡೆ. ಯಾಕೆ ಇಟ್ಟುಕೊಂಡೆನೋ, ಎಸೆಯಲು ಧೈರ್ಯವಿರಲಿಲ್ಲ. ಯಾರೂ ಕೇಳಲಿಲ್ಲ. ಹದಿನಾಲ್ಕು ವರ್ಷ ಯಾರೂ ಕೇಳಲಿಲ್ಲ.

ತೆಲಂಗಾಣ ಬೇರೆ ರಾಜ್ಯವಾಗಿ ಮೂರೋ ನಾಲ್ಕೋ ವರ್ಷವಾಗಿತ್ತು. ಆ ಮಳೆಗಾಲ ಬಿಡದೆ ಹೊಯ್ಯಿತು. ಮೂಸಿಯ ವಾಸನೆ ಅಂಗಳದವರೆಗೆ ಬರುತ್ತಿತ್ತು. ಮ್ಯೂಸಿಯಂನ ಹಿಂಗೋಡೆಗೆ ಸಿಮೆಂಟಿನ ಗಿಲಾವು ಮಾಡಲು ಯಾದಗಿರಿ ಕಡೆಯ ಗೌಂಡಿಗಳು ಬಂದಿದ್ದರು. ಅವರಲ್ಲೊಬ್ಬ ಊಟದ ಹೊತ್ತಿಗೆ ಗ್ಯಾಲರಿಯೊಳಗೆ ಬಂದು, ಗಾಜಿನ ಮುಂದೆ ನಿಂತು, ಬೋರ್ಡು ಓದಿ, ಸಿಮೆಂಟಿನ ಕೈ ಎದೆಗೆ ಒತ್ತಿಕೊಂಡ. "ಇದು ನಮ್ಮೂರ ದೇವರಲ್ರೀ!" ಎಂದ. ನಾನು ಸ್ಟೋರಿಗೆ ಹೋಗಿ ಬೀಗ ಸರಿಯಾಗಿ ಬಿದ್ದಿದೆಯೋ ಎಂದು ಜಗ್ಗಿ ನೋಡಿದೆ.

ಹದಿನೈದು ದಿನದಲ್ಲಿ ಊರಿನಿಂದ ಮೂವರು ಬಂದರು. ರಿಟೈರ್ ಆದ ಬಸಣ್ಣ ಮಾಸ್ತರು ಊರಿನ ಹಿರಿಯರು. ಇನ್ನೊಬ್ಬರು ಮುದುಕ ಮುಲ್ಲಾ. ಮೂರನೆಯವರು ದೇವರು ಹೊರುವ ಮನೆಯವರು. ಅವರ ಹೆಸರನ್ನು ಈಗಲೇ ಬರೆಯಲು ಕೈ ಬರುತ್ತಿಲ್ಲ. ಅರವತ್ತರ ಆಸುಪಾಸು, ತೆಳ್ಳನೆ ಮೈ, ಹಳದಿ ರುಮಾಲು. ಮಾಸ್ತರರ ಹತ್ತಿರ ಉರ್ದುವಿನಲ್ಲಿ ಬರೆದ ಒಂದು ರಸೀದಿ ಇತ್ತು. ನಿಜಾಮರ ಕಾಲದಲ್ಲಿ ಯಾರೋ ಸಾಹೇಬರು ಪ್ರದರ್ಶನಕ್ಕೆಂದು ದೇವರನ್ನು ಒಯ್ದು, ಹಬ್ಬಕ್ಕೆ ತಿರುಗಿ ಕೊಡುತ್ತೇವೆಂದು ಬರೆದುಕೊಟ್ಟದ್ದು. ಆ ಹಬ್ಬ ಬರಲೇ ಇಲ್ಲ. ಅಂದಿನಿಂದ ಎಪ್ಪತ್ತು ವರ್ಷ ಆ ಊರಿನವರು ಬೇವಿನ ಕಟ್ಟಿಗೆಯ ಕೈಯೊಂದನ್ನು ಮಾಡಿಸಿ, ಅದಕ್ಕೇ ಬಟ್ಟೆ ಸುತ್ತಿ ಹೊರುತ್ತಿದ್ದರು.

ಮಧ್ಯಾಹ್ನ ಅವರನ್ನು ನನ್ನ ಕೋಣೆಗೆ ಕರೆದು ಊಟ ಹಾಕಿದೆವು. ಜೋಳದ ರೊಟ್ಟಿ ನೋಡಿ ಮುಲ್ಲಾ ಕಣ್ಣರಳಿಸಿದರು. ಮಾಸ್ತರು, "ಶರಣಪ್ನವರ, ಈ ಊರಾಗ ನಮ್ಮ ಮಾತು ಬಲ್ಲವರು ಸಿಕ್ಕಿರಲ್ಲ, ಅರ್ಧ ದೇವರು ಸಿಕ್ಕಂಗಾತು" ಎಂದರು. ಹೊರುವವರಿಗೆ ಇನ್ನೊಂದು ರೊಟ್ಟಿ ಹಾಕುತ್ತ ನಾಗಮ್ಮ ಕೇಳಿದಳು, "ಅಣ್ಣಾ, ನೀವು ಕಣ್ಣಿಂದ ನೋಡೇ ಇಲ್ಲ. ಹೆಂಗ ಗುರ್ತ ಹಿಡೀತೀರಿ?"

ಅವರು ಬಲಗೈಯ ಹೆಬ್ಬೆರಳು ಎತ್ತಿ ತೋರಿಸಿದರು. "ನಮ್ಮ ದೇವರಿಗೆ ಉದ್ದ ಕೋಲಿಲ್ರಿ ಅಕ್ಕಾ. ಕೂಸಿನ್ನ ಎತ್ಕೊಂಡಂಗ ಎದಿಗೆ ಅಪ್ಕೊಂಡು ಹೊರೂದು. ನಮ್ಮ ಮುತ್ತ್ಯಾನ ಮುತ್ತ್ಯಾ ಒಮ್ಮೆ ಕೆಂಡದಾಗ ಜೋಲಿ ಹೊಡದು ಬಿದ್ದಾಗ ಕಿರುಬಳ್ಳು ಮುರೀತಂತ. ಕಂಬಾರ ಬೆಸಿಗಿ ಹಾಕ್ಯಾನ. ಅಲ್ಲಿ ಜ್ವಾಳದ ಕಾಳಿನಷ್ಟು ಗಂಟು. ಹೊರೂವಾಗ ಹೆಬ್ಬಟ್ಟು ಆ ಗಂಟಿನ ಮ್ಯಾಲೆ ಇಡಬೇಕು. ಬಟ್ಟಿ ಮ್ಯಾಲಿಂದನೂ ತಿಳೀತೈತಿ. ಕಟ್ಟಿಗಿ ದೇವರಿಗೂ ನಮ್ಮಪ್ಪ ಅಲ್ಲೇ ಒಂದು ಗಂಟು ಕೆತ್ತಿಸಿದ್ದ. ನಲವತ್ತು ವರ್ಷ ಆತು, ನನ್ನ ಹೆಬ್ಬಟ್ಟು ಅಲ್ಲೇ ಕಾಯಾಕತ್ತೈತಿ."

ನಾಗಮ್ಮ ನನ್ನ ಕಡೆ ನೋಡಿದಳು. ನಾನು ನೀರು ತರುವ ನೆಪದಲ್ಲಿ ಎದ್ದೆ. ಸುಣ್ಣದ ಡಬ್ಬಿ ಅವರ ತಲೆಯ ಮೇಲೆ, ಗೋಡೆಯ ಗೂಡಿನಲ್ಲೇ ಇತ್ತು.

ಟ್ರಸ್ಟಿನವರು ಎರಡು ಸಲ ಮೀಟಿಂಗ್ ಕೂತರು. ಆಗಿನ ಕ್ಯುರೇಟರ್ ಮೇಡಂ ಕೊಡಲೇಬೇಕೆಂದು ಪಟ್ಟು ಹಿಡಿದರು. "ಯೆ ಉನ್ಕಾ ದೇವ್ ಹೈ. ಹಮಾರೆ ಪಾಸ್ ತೋ ಸಿರ್ಫ್ ಏಕ್ ನಂಬರ್ ಹೈ," ಎಂದರು. ಅವರಿಗೆ ಅದು ದೇವರು, ನಮಗೆ ಬರಿ ಒಂದು ನಂಬರು. ಹಿರಿಯ ಟ್ರಸ್ಟಿಯೊಬ್ಬರಿಗೆ ಮನಸ್ಸಿರಲಿಲ್ಲ. ಚಹಾ ಕೊಡಲು ಹೋದ ನನ್ನ ಹೆಗಲ ಮೇಲೆ ಕೈಯಿಟ್ಟು, ಹಳ್ಳಿಯಲ್ಲಿ ಇದನ್ನು ಯಾರು ಕಾಯುತ್ತಾರೆ, ಇಲ್ಲಿ ನಮ್ಮ ಶರಣಪ್ಪ ಇದ್ದಾನೆ, ಇಷ್ಟು ವರ್ಷದಲ್ಲಿ ಒಂದು ಬೆರಳೂ ಅಲುಗಿಲ್ಲ ಎಂದರು. ನಾನು ಕಪ್ಪುಗಳನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಕಡೆಗೆ ಮೇಡಂ ಗೆದ್ದರು. ಹಬ್ಬಕ್ಕೆ ಮೊದಲೇ ಕೊಡುವುದೆಂದು ಆಯಿತು.

ಆವತ್ತು ಸಂಜೆ ನಾಗಮ್ಮ ಹಾಸಿಗೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮಳೆಗಾಲದಲ್ಲಿ ಅವಳಿಗೆ ಮಲಗಿದರೆ ಉಸಿರು ಬರುತ್ತಿರಲಿಲ್ಲ. "ಹೇಳಿಬಿಡ್ರಿ" ಎಂದಳು. "ಮುರದಿದ್ದು ಮುರದೈತಿ. ಭಕ್ತಿಲೇ ಮುರದೈತಿ ಅಂತ ಹೇಳ್ರಿ. ಮೇಡಂ ಭಾಳ ಒಳ್ಳೇಕಿ."

"ಹೋದ ವರ್ಷ ಒಂದು ತಾಟು ಒಡದವನ್ನ ಮನಿಗೆ ಕಳಿಸ್ಯಾರ. ಈ ಕೋಣಿ ಬಿಟ್ಟು ನಿನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ?"

"ನನ್ನ ಹೆಸರು ಹೇಳಬ್ಯಾಡ್ರಿ," ಎಂದಳು. ಅವಳು ಅಷ್ಟು ಗಟ್ಟಿಯಾಗಿ ಅಂದದ್ದು ನಾನು ಮೊದಲು ಕೇಳಿರಲಿಲ್ಲ. "ನಿಮ್ಮ ಹೆದರಿಕಿಗೆ ನನ್ನ ಉಸಿರು ಕಾರಣ ಮಾಡಬ್ಯಾಡ್ರಿ."

ಆದರೂ ಮಾಡಿದೆ. ಈ ಬರಹದ ಮೊದಲ ಸಾಲುಗಳಲ್ಲೂ ಮಾಡಿದ್ದೇನೆ, ನೋಡಿ.

ಕೊಡುವ ದಿನ ಗ್ಯಾಲರಿಯಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದೆವು. ಮೇಡಂ ಇದ್ದರು, ಟ್ರಸ್ಟಿನವರಿಬ್ಬರು, ಫೋಟೋ ತೆಗೆಯುವವನೊಬ್ಬ. ಗಾಜು ತೆಗೆದು, ನಾನೇ ನನ್ನ ಕೈಯಾರೆ, ಸುಳ್ಳು ರಟ್ಟು ಕಟ್ಟಿದ ಆ ಪಂಜಾವನ್ನು ಮೇಜಿನ ಮೇಲಿಟ್ಟೆ. ಮುಲ್ಲಾ ಕಣ್ಣುಮುಚ್ಚಿ ಏನೋ ಓದಿದರು. ಹೊರುವವರು ರುಮಾಲು ತೆಗೆದು, ಕೈ ತೊಳೆದು ಬಂದು, ಅದನ್ನು ಎತ್ತಿ ಎದೆಗೆ ಅಪ್ಪಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಹೆಬ್ಬೆರಳು ಕಿರುಬೆರಳಿನ ಬುಡಕ್ಕೆ ಹೋಯಿತು. ಅಲ್ಲಿ ನಿಂತಿತು. ಮೇಲೆ ಸರಿಯಿತು, ಕೆಳಗೆ ಸರಿಯಿತು. ತಿರುಗಿ ಅಲ್ಲಿಗೇ ಬಂತು. ಹೊರಗೆ ಮಳೆ ಜೋರಾಗಿ, ಕಿಟಕಿಯ ಬೆಳಕು ಕಂದಿತು.

"ಗಂಟಿಲ್ಲ" ಎಂದರು.

ಮಾಸ್ತರು ಫೋಟೋಗೆ ನಗುತ್ತ ನಿಂತಿದ್ದವರು ಅದೇ ನಗುಮುಖದಲ್ಲೇ, "ಏನು?" ಎಂದರು.

"ಇದು ನಮ್ಮ ದೇವರಲ್ಲ ಮಾಸ್ತರ."

"ಬೋರ್ಡಿನ್ಯಾಗ ಊರ ಹೆಸರು ಬರದೈತಿ, ರಿಜಿಸ್ಟರಿನ್ಯಾಗ ಐತಿ. ನಿನ್ನ ಹೆಬ್ಬಟ್ಟು ಅವೆಲ್ಲಾಕ್ಕಿಂತ ದೊಡ್ಡದೇನೋ ಮಾರಾಯಾ? ದೇವರ್ನ ಗುರ್ತ ಹಿಡಿಯಾಕ ಬಂದೀಯೋ, ಸಂತ್ಯಾಗ ಎಮ್ಮಿ ಕೊಳ್ಳಾಕ ಬಂದೀಯೋ?"

"ಹಗುರೂ ಐತ್ರಿ. ನಮ್ಮ ಮುತ್ತ್ಯಾ ಹೇಳಿದ ಭಾರ ಇದಲ್ಲ. ನಿಜ ದೇವರು ಸಿಗಲಿಲ್ಲಂದ್ರ ಇನ್ನೂ ಕಾಯೋಣು. ನಮ್ಮದಲ್ಲದ ದೇವರ್ನ ಎತ್ಕೊಂಡು ಕೆಂಡ ತುಳದ್ರ ಸುಡ್ತೈತಿ."

ಮೇಡಂ ನನ್ನ ಕಡೆ ತಿರುಗಿ, ಏನಾಯಿತು ಎಂದು ಹಿಂದಿಯಲ್ಲಿ ಕೇಳಿದರು. ಅವರ ಮುಖದಲ್ಲಿ ಸಂಶಯವಿರಲಿಲ್ಲ, ಕಳವಳವಿತ್ತು. ಆ ಒಂದು ನಿಮಿಷ ನನ್ನದಾಗಿತ್ತು. ಹತ್ತು ಹೆಜ್ಜೆ ಆಚೆ ಸ್ಟೋರಿನ ಬಾಗಿಲು, ಸೊಂಟದಲ್ಲಿ ಬೀಗದಕೈ. ಹೋಗಿ ಟ್ರಂಕು ತೆಗೆದಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ನಾನು ಮೇಡಂಗೆ, ಮುದುಕರು ಭಾವುಕರಾಗಿದ್ದಾರೆ ಎಂದು ಹೇಳಿ, ಊರಿನವರ ಕಡೆ ತಿರುಗಿದೆ.

"ನೋಡ್ರಿ, ಇಲ್ಲಿ ಸಾಮಾನು ಬಂದ ಕೂಡಲೇ ಔಷಧ ಹಚ್ಚಿ ಸಾಫ್ ಮಾಡ್ತಾರ. ಬೆಸಿಗಿ ಗಂಟು ಗಿಂಟು ಎಲ್ಲಾ ಅದರಾಗ ಹೋಗ್ತಾವ. ಭಾರನೂ ಕಮ್ಮಿ ಆಗ್ತೈತಿ," ಎಂದೆ. ಅಂಥ ಔಷಧ ಯಾವುದೂ ಇರಲಿಲ್ಲ.

ಹೊರುವವರು ಒಪ್ಪಲಿಲ್ಲ. ಸುಮ್ಮನೆ ತಲೆ ಅಲ್ಲಾಡಿಸಿದರು. ಆಗ ನಾನು ಹೇಳಿದ ಮಾತು ಇದು. ಯಾರೂ ನನ್ನ ಬಾಯಲ್ಲಿ ತುರುಕಲಿಲ್ಲ, ನಾನೇ ಹುಡುಕಿ ತೆಗೆದದ್ದು.

"ಮಾಸ್ತರ, ನಾನು ಹೊರಗಿನವ, ಹೇಳಬಾರದು. ಕಟ್ಟಿಗಿ ದೇವರು ಇರೋತನಕ ಈ ಮನಿಯವರ ಮಾನ. ಖರೇ ದೇವರು ಬಂದ್ರ ಊರ ಮಂದಿ ಯಾರ ಬೇಕಾದ್ರೂ ಹೊರಾಕ ಮುಂದ ಬರ್ತಾರ. ಅದಕ್ಕ ಇವರಿಗೆ ದೇವರು ಬ್ಯಾಡಾಗಿರಬೇಕು."

ಮಾಸ್ತರರ ಮುಖ ಗಂಟಾಯಿತು. ಮುಲ್ಲಾ ಕಣ್ಣು ಕೆಳಗೆ ಮಾಡಿದರು. ಹೊರುವವರು ನನ್ನನ್ನೇ ನೋಡಿದರು. ಸಿಟ್ಟಿನಿಂದಲ್ಲ. ನಮ್ಮ ಮನೆಯ ರೊಟ್ಟಿ ತಿಂದವರು ಅವರು. ಪಂಜಾವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಅಂದರು, "ನೀವು ನಮ್ಮ ಕಡ್ಯಾವರು. ಸುಳ್ಳು ಹೇಳಾಕ ನಿಮಗೇನು ಕಾರಣ ಐತಿ. ನನ್ನ ಹೆಬ್ಬಟ್ಟೇ ಸುಳ್ಳಿರಬೇಕು."

ಮಾಸ್ತರು ರಿಜಿಸ್ಟರಿಗೆ ಸಹಿ ಹಾಕಿದರು, ಮುಲ್ಲಾ ಗುರುತು ಹಾಕಿದರು. ಹೊರುವವರು ಹಾಕಲಿಲ್ಲ, ಅವರನ್ನು ಯಾರೂ ಕೇಳಲೂ ಇಲ್ಲ.

ಹಬ್ಬದ ಕಡೆಯ ಎರಡು ದಿನ ಮೇಡಂ ನನ್ನನ್ನು ಮ್ಯೂಸಿಯಂ ಪರವಾಗಿ ಬೆಣಚಿಹಾಳಕ್ಕೆ ಕಳಿಸಿದರು. ಕಣ್ಣಾರೆ ನೋಡಿ ಬಾ, ನಮಗೆ ಹೇಳು ಎಂದರು. ಎರೆಮಣ್ಣಿನ ಊರು. ಮಳೆಗೆ ಕಾಲು ಎತ್ತಿದರೆ ಎರಡು ಸೇರು ಮಣ್ಣು. ಭೀಮಾ ತುಂಬಿ, ಕಂಟಿಗಳ ತಲೆ ಮಾತ್ರ ಕಾಣುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಹಲಗೆ. ಮಸೂತಿಯ ಮುಂದೆ ಆಳುದ್ದದ ಬೆಂಕಿಯ ಗುಂಡಿ, ಅಲಾಯಿ ಕುಣಿ, ಅದರ ತುಂಬ ಕಟ್ಟಿಗೆ. ಒದ್ದೆ ಕಟ್ಟಿಗೆ ಉರಿಯದೆ ಬರಿ ಹೊಗೆಯಾಡುತ್ತಿತ್ತು. ನನಗೆ ಮಾಲೆ ಹಾಕಿದರು. ಹೆಂಗಸರು ಬಂದು, "ನಮ್ಮ ದೇವರ್ನ ಇಷ್ಟು ವರ್ಷ ಕಾದವರು ನೀವಂತಲ್ರೀ" ಎಂದು ಕಾಲಿಗೆ ಬಿದ್ದರು. ಆ ಮಾಲೆಯ ಹೂವಿನ ನೀರು ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಹೊರುವವರು ಹೊರಲು ಒಲ್ಲೆ ಎಂದಿದ್ದರು. ಹೊರುವ ಹಕ್ಕನ್ನು ಹಿರಿಯರು ಅವರ ಮನೆಯಿಂದ ತೆಗೆದು ಮಾಸ್ತರರ ತಮ್ಮನಿಗೆ ಕೊಟ್ಟಿದ್ದರು. ಐವತ್ತರ ಗಟ್ಟಿ ಆಳು. ಹತ್ತನೆಯ ದಿನ ಹೊತ್ತು ಮೂಡಿದ ಮೇಲೆ, ಕುಣಿಯ ಕೆಂಡವನ್ನು ಮುಂದೆ ಎಳೆದು ಉದ್ದಕ್ಕೆ ಹರಡಿದರು. ಹಾಯುವ ಮೊದಲು ಮಾಸ್ತರು ಮಸೂತಿಯೊಳಗಿಂದ ಕಟ್ಟಿಗೆಯ ಕೈಯನ್ನು ತಂದರು. ಖರೇ ದೇವರು ಬಂದ ಮೇಲೆ ಇದರ ಕೆಲಸ ಮುಗಿಯಿತು, ಕುಣಿಗೆ ಸಮರ್ಪಣೆ ಎಂದರು. ಎಪ್ಪತ್ತು ವರ್ಷ ಎಣ್ಣೆ, ಗಂಧ, ಬೆವರು ಕುಡಿದ ಬೇವಿನ ಕೈ. ಕಿರುಬೆರಳಿನ ಬುಡದಲ್ಲಿ ಕೆತ್ತಿದ ಗಂಟು ಹೆಬ್ಬೆರಳು ತಾಗಿ ತಾಗಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ನಾನು ಹತ್ತಿರದಿಂದ ನೋಡಿದೆ. ಆಮೇಲೆ ಅದು ಕೆಂಡಕ್ಕೆ ಬಿತ್ತು. ಒಮ್ಮೆಲೇ ಹತ್ತಿಕೊಂಡಿತು. ಒದ್ದೆ ಕಟ್ಟಿಗೆಗಳ ನಡುವೆ ಅದೊಂದೇ ದೀಪದ ಹಾಗೆ ಉರಿಯಿತು.

ಹೊರುವವರು ಗುಂಪಿನ ಹಿಂದೆ, ಬೇವಿನ ಮರದ ಕೆಳಗೆ ನಿಂತಿದ್ದರು. ಬಲಗೈ ಮುಷ್ಟಿ ಹಿಡಿದು, ಹೆಬ್ಬೆರಳು ಒಳಗೆ ಮಾಡಿಕೊಂಡಿದ್ದರು.

ಮಾಸ್ತರರ ತಮ್ಮ ದೇವರನ್ನು ಅಪ್ಪಿಕೊಂಡು ಕೆಂಡ ಹಾಯ್ದ. ನಾಲ್ಕನೆಯ ಹೆಜ್ಜೆಗೆ ಅವನ ಮುಖ ಬದಲಾಯಿತು. ದಾಟಿ ಆಚೆ ಬಿದ್ದ. ಅಂಗಾಲು ಬೆಂದಿದ್ದವು. ರೂಢಿಯಿಲ್ಲದ ಕಾಲು, ಅರೆಬೆಂದ ಕಟ್ಟಿಗೆಯ ಚೂಪು ತುಂಡುಗಳು, ಕಾರಣ ಏನೂ ಇರಬಹುದು. ಆದರೆ ಹಲಗೆ ನಿಂತುಹೋಯಿತು. ಆ ಸದ್ದಿಲ್ಲದ ಗಳಿಗೆಯಲ್ಲಿ ಯಾರೋ ಒಬ್ಬ ಹೆಂಗಸು ಕೂಗಿದಳು, "ಅವನೇ! ಸುಡ್ತೈತಿ ಅಂತ ಊರೆಲ್ಲಾ ಹೇಳ್ಕೊಂಡು ಅಡ್ಡಾಡ್ಯಾನ! ಅವನ ಹೊಟ್ಟಿಕಿಚ್ಚೇ ಸುಟ್ಟೈತಿ!"

ಗುಂಪು ಬೇವಿನ ಮರದ ಕಡೆ ತಿರುಗಿತು. ಹೊರುವವರು ಓಡಲಿಲ್ಲ. ಗುಂಪಿನ ತಲೆಗಳ ಮೇಲಿಂದ ನನ್ನನ್ನು ಹುಡುಕಿ ನೋಡಿದರು. ನಾನೊಬ್ಬನೇ ಅವರ ಪರ ಸಾಕ್ಷಿ ಹೇಳಬಲ್ಲವನು ಅಂತ ಅವರಿಗೆ ಆ ಗಳಿಗೆಯಲ್ಲಿ ತಿಳಿಯಿತು ಎಂದು ನನ್ನ ನಂಬಿಕೆ. ನಾನು ಕೊರಳ ಮಾಲೆ ತೆಗೆದು ಕಟ್ಟೆಯ ಮೇಲಿಟ್ಟು, ಮಧ್ಯಾಹ್ನದ ಬಸ್ಸು ಹಿಡಿದೆ. ಬಸ್ಸಿನಲ್ಲಿ ಕೂತಾಗ ಅವರ ಮನೆಯ ತಗಡಿನ ಮೇಲೆ ಕಲ್ಲು ಬಿದ್ದ ಸದ್ದು ಕೇಳಿಸಿತು. ಮಳೆಯೇ ಇರಬೇಕು ಎಂದುಕೊಂಡೆ. ಆಗ ಮಳೆ ಇರಲಿಲ್ಲ.

ಮೇಡಂಗೆ, ಊರಿನವರು ಬಹಳ ಖುಷಿಯಾಗಿದ್ದಾರೆ ಎಂದು ಹೇಳಿದೆ. ಆ ಚಳಿಗಾಲಕ್ಕೆ ನಾಗಮ್ಮ ಹೋದಳು, ಯಾರಿಗಾಗಿ ಉಳಿಸಿಕೊಂಡೆನೋ ಆ ಕೋಣೆಯಲ್ಲಿಯೇ. ಮುಂದಿನ ವರ್ಷ ಆ ಗೌಂಡಿ ಸಿಕ್ಕಿದ್ದ. ಹೊರುವವರ ಮನೆಗೆ ಊರಲ್ಲಿ ಯಾರೂ ಬೆಂಕಿ, ನೀರು ಕೊಡುತ್ತಿಲ್ಲ, ಅವರು ಊರು ಬಿಟ್ಟು ಹೈದರಾಬಾದ್ ಸೇರಿದ್ದಾರೆ ಎಂದ.

ಅವರನ್ನು ನಾನು ಇನ್ನೊಮ್ಮೆ ನೋಡಿದೆ. ಕರೋನಾದ ವರ್ಷ. ಮಗಳ ಜೊತೆ ಕ್ಯಾಬಿನಲ್ಲಿ ಗಚ್ಚಿಬೌಲಿಯ ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ ಹೋಗಿದ್ದೆ, ಅವಳ ಗೆಳತಿಯ ಗೃಹಪ್ರವೇಶಕ್ಕೆ. ಗೇಟಿನಲ್ಲಿ ಗಾಡಿ ನಿಲ್ಲಿಸಿದರು. ದೊಗಲೆ ನೀಲಿ ಯೂನಿಫಾರ್ಮಿನ ವಾಚ್‌ಮನ್ ಕಿಟಕಿಗೆ ಬಗ್ಗಿ, "ಏ ಫ್ಲಾಟ್ ಸಾರ್?" ಎಂದು ತೆಲುಗಿನಲ್ಲಿ ಕೇಳಿದರು. ದನಿ ಗುರುತಾಯಿತು. ಪುಸ್ತಕದಲ್ಲಿ ಗಾಡಿಯ ನಂಬರು ಬರೆಯುವಾಗ ಬಲಗೈಯ ಹೆಬ್ಬೆರಳು ಪೆನ್ನಿನ ಮೇಲೆ ಏನನ್ನೋ ಹುಡುಕುವ ಹಾಗೆ ಮೇಲೆ ಕೆಳಗೆ ಸರಿಯುತ್ತಿತ್ತು. ನಾನು ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡು, ಮುಖ ಆಚೆ ಮಾಡಿದೆ. ಮಗಳು ಫ್ಲಾಟಿನ ನಂಬರು ಹೇಳಿದಳು. ಗೇಟಿನ ಕಂಬ ಮೇಲೆದ್ದಿತು. ಗಾಡಿ ಮುಂದೆ ಸರಿಯುವಾಗ ಕಿಟಕಿಯ ಹತ್ತಿರದಿಂದ ಮೆಲ್ಲಗೆ ಕೇಳಿತು:

"ಹೋಗ್ರಿ, ಶರಣಪ್ನವರ."

ಅಷ್ಟೇ. ಮಗಳು, "ಯಾರಪ್ಪಾ ಅವರು?" ಎಂದಳು. "ಗೊತ್ತಿಲ್ಲ" ಎಂದೆ.

ಹೋದ ತಿಂಗಳು ಹುಣಸೆಹಣ್ಣಿನ ವಾಸನೆ ಬಂದ ಮರುದಿನ ಸುಣ್ಣದ ಡಬ್ಬಿ ಜೇಬಿಗೆ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಆ ಗೇಟಿಗೆ ಹೋದೆ. ಅಲ್ಲಿದ್ದ ಬೇರೆ ವಾಚ್‌ಮನ್, ಅವರು ಹೋದ ಬೇಸಿಗೆಯಲ್ಲಿ ತೀರಿಕೊಂಡರು ಎಂದ. ಕೂತ ಕುರ್ಚಿಯಲ್ಲೇ. ಹೆಣವನ್ನು ಊರಿಗೆ ಒಯ್ಯಲಿಲ್ಲವಂತೆ, ಬೇಡ ಎಂದು ಮೊದಲೇ ಹೇಳಿದ್ದರಂತೆ. ಗೇಟಿನಿಂದ ಒಳಗೆ ಹೊರಗೆ ಕಾರುಗಳು ಹೋಗುತ್ತಿದ್ದವು. ನಾನು ಡಬ್ಬಿಯನ್ನು ಹಿಡಿದುಕೊಂಡು ಬದಿಗೆ ನಿಂತಿದ್ದೆ. ಅವನು, ದಾರಿ ಬಿಡು ತಾತಾ ಎಂದ.

ಆಮೇಲೆ ಮ್ಯೂಸಿಯಂಗೆ ಹೋದೆ. ಮೇಡಂ ಈಗಿಲ್ಲ, ಹೊಸಬರು ಬಂದಿದ್ದಾರೆ. ಅವರಿಗೆ ಎಲ್ಲ ಹೇಳಿದೆ. ಅವರು ಕೂಡಲೇ ಟ್ರಂಕು ತೆಗೆಸಿದರು. ತಳದಲ್ಲಿ, ಹುಳಿ ಕುಡಿದು ಕಪ್ಪಾದ ಪೇಪರಿನಲ್ಲಿ, ನಾನು ಸುತ್ತಿಟ್ಟ ಹಾಗೇ ಇತ್ತು. ಡಬ್ಬಿಯಿಂದ ಬೆರಳು ತೆಗೆದು ಜೋಡಿಸಿದೆ. ಸರಿಯಾಗಿ ಕೂತಿತು. ಎದೆಗೆ ಅಪ್ಪಿಕೊಂಡು ಹೆಬ್ಬೆರಳು ಇಟ್ಟೆ. ಗಂಟು ಸಿಕ್ಕಿತು. ಅಷ್ಟು ಸಣ್ಣದು. ಭಾರವೂ ಹೆಚ್ಚು, ಅವರು ಹೇಳಿದ ಹಾಗೆಯೇ.

ಬೆಣಚಿಹಾಳದ ಮಾಸ್ತರರಿಗೆ ಫೋನ್ ಮಾಡಿದೆ. ಅವರಿಗೆ ಈಗ ಎಪ್ಪತ್ತು ದಾಟಿದೆ. ಎಲ್ಲ ಕೇಳಿಸಿಕೊಂಡು ಅಂದರು:

"ಶರಣಪ್ನವರ, ಈಗಿರೋ ದೇವರು ಊರಾಗ ಕೂತಾನ. ಅವನ ಮುಂದ ಹರಕಿ ಹೊತ್ತಾರ, ಮದುವಿ ಆಗ್ಯಾವ, ಕೂಸಿಗೆ ಹೆಸರಿಟ್ಟಾರ. ಅವತ್ತ ಇದ ಹೌದಂದ್ರಿ, ಇವತ್ತ ಅದ ಹೌದಂತೀರಿ. ಇನ್ನೊಮ್ಮೆ ನಮ್ಮೂರ ಕಡೆ ದೇವರ್ನ ತರಬ್ಯಾಡ್ರಿ."

"ದೇವರು ಬ್ಯಾಡ, ಬಿಡ್ರಿ. ಆ ಮನುಷ್ಯಾ ಖರೇ ಹೇಳಿದ್ರು ಅಂತ ಊರ ಮುಂದ ಒಂದು ಮಾತು ಹೇಳ್ರಿ ಮಾಸ್ತರ."

"ಹೇಳಿದ್ರ ನಾವೆಲ್ಲಾ ಏನಾದಂಗಾತು?" ಎಂದು ಫೋನ್ ಇಟ್ಟರು.

ಹಾಗಾಗಿ ನಿಜ ದೇವರು ಈಗಲೂ ಮೂಸಿಯ ಹತ್ತಿರ, ಮ್ಯೂಸಿಯಂನ ಮೇಜಿನ ಮೇಲೆ, ಹೊಸ ರಟ್ಟು ಕಟ್ಟಿಸಿಕೊಂಡು ಕೂತಿದೆ. ಬೆರಳು ಪಕ್ಕದಲ್ಲಿದೆ. ಈ ಸಲ ಯಾರೂ ಅದನ್ನು ತೊಳೆಯುವುದಿಲ್ಲ.

ಮಹಾದೇವಿ, ನಿನ್ನ ಹುಡುಗರಿಗೆ ಹೇಳು. ಅಜ್ಟೆಕ್ ಜನರದ್ದಿರಲಿ, ಯಾರದ್ದೇ ಇರಲಿ, ತಿರುಗಿ ಕೊಡಬೇಕು. ಸುರಕ್ಷಿತ ಅನ್ನುವವರ ಮಾತು ನಂಬಬೇಡಿ ಅನ್ನು. ಕಾಯುವವನು ನಾನೇ ಆಗಿದ್ದೆ. ಆದರೆ ಕೊಡುವ ದಿನ ರಿಜಿಸ್ಟರು ಮುಚ್ಚಿಟ್ಟು, ಹೊತ್ತವರ ಕೈಗೆ ಮೊದಲು ಕೊಟ್ಟು, ಅವರು ಏನನ್ನುತ್ತಾರೋ ಅದನ್ನು ಕೇಳಬೇಕು. ಅವರು ಅಲ್ಲ ಎಂದರೆ ಅಲ್ಲ.

ಆ ದಿನದ ರಿಜಿಸ್ಟರಿನಲ್ಲಿ ಮಾಸ್ತರರ ಸಹಿ ಇದೆ, ಮುಲ್ಲಾ ಅವರ ಗುರುತು ಇದೆ, ಒಪ್ಪಿಸಿದವನೆಂದು ನನ್ನ ಸಹಿ ಇದೆ. ಆ ಕೋಣೆಯಲ್ಲಿ ನಿಜ ಹೇಳಿದವರು ಒಬ್ಬರೇ, ಅವರ ಹೆಸರು ಮಾತ್ರ ಎಲ್ಲೂ ಇಲ್ಲ. ನಮ್ಮ ಕಡೆ ಅಲಾಯಿ ದೇವರ ಹೆಸರನ್ನೇ ಮಕ್ಕಳಿಗೆ ಇಡುತ್ತಾರೆ. ಅವರಿಗೂ ಇಟ್ಟಿದ್ದರು. ನಾನು ಅವರ ಬಳಿ ತಪ್ಪಾಯಿತು ಎನ್ನಲಿಲ್ಲ, ಗೇಟಿನಲ್ಲಿ ಅವರೇ ನನ್ನ ಹೆಸರು ಹಿಡಿದು ಕರೆದಾಗಲೂ ಅವರ ಹೆಸರು ಹಿಡಿದು ತಿರುಗಿ ಕರೆಯಲಿಲ್ಲ.

ಹುಸೇನಪ್ಪ. ತಂದೆ ಕಾಸೀಮಪ್ಪ. ಬೆಣಚಿಹಾಳ.